ಸ್ಕೂಲ್ ಡಿಸ್ಟ್ರಿಕ್ಟ್‌ನ ವಾರ್ಷಿಕ ವರದಿ ಬಂದಿದೆ, ಇದರಲ್ಲಿ ಏನು ನೋಡಬೇಕು?

ಮಿಶಿಗನ್_ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ (ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯಿಂದ) ಆನ್ಯುಯಲ್ ಎಜುಕೇಶನ್ ರಿಪೋರ್ಟ್ ಅಂತ ಇಮೇಲ್ ಬಂದಿದೆ. ಮಗಳು ನಾಲ್ಕನೇ ಕ್ಲಾಸು, ಮಗ ಏಳನೇ ಕ್ಲಾಸು. ಮೇಲೊಂದು ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟ್‌ನ ಮುಖ್ಯಸ್ಥರ) ಪತ್ರ, ಕೆಳಗೊಂದು ಲಿಂಕ್. ಪತ್ರ ಓದಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. "ನಮ್ಮ ಮಕ್ಕಳು ರಾಜ್ಯದ ಸರಾಸರಿಗಿಂತ ಮೇಲಿದ್ದಾರೆ" ಅಂತ ದಪ್ಪ ಅಕ್ಷರದಲ್ಲಿದೆ. ಲಿಂಕ್ ಒತ್ತಿದರೆ ಪುಟಗಟ್ಟಲೆ ಟೇಬಲ್. ಅಲ್ಲಿ ಹುಡುಕಿದಾಗ ಗೊತ್ತಾಯಿತು, ಮೂರನೇ ಕ್ಲಾಸಿನ ಇಂಗ್ಲಿಷ್‌ನಲ್ಲಿ ಪ್ರೊಫಿಶಿಯೆಂಟ್ ಆದ, ಅಂದರೆ ರಾಜ್ಯ ಇಟ್ಟ ಮಟ್ಟ ಮುಟ್ಟಿದ ಮಕ್ಕಳು ಹೋದ ವರ್ಷಕ್ಕಿಂತ ಕಡಿಮೆ. ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ಈ ಟೇಬಲ್‌ಗಳಲ್ಲಿ ಅಪ್ಪ ಅಮ್ಮ ಯಾವುದನ್ನು ನೋಡಬೇಕು? ಕಡಿಮೆಯಾಗಿದ್ದನ್ನು ಪತ್ರದಲ್ಲಿ ಹೇಳದೇ ಇರುವುದು ಸರಿಯಾ? ಕೇಳಬೇಕಾದರೆ ಯಾರನ್ನು ಕೇಳಬೇಕು?

ಕರಾವಳಿಯವ:
ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅಕ್ಕ. ಮನೆ ಹುಡುಕುವ ವೆಬ್‌ಸೈಟಿನಲ್ಲಿ ಶಾಲೆಗೆ ಹತ್ತಕ್ಕೆ ಎಷ್ಟು ಕೊಟ್ಟಿದ್ದಾರೆ ನೋಡಿ. ಎಂಟರ ಮೇಲಿದ್ದರೆ ಸಾಕು.

ಶಿಕ್ಷಕಿ_ಒಹಾಯೊ:
@ಕರಾವಳಿಯವ ದಯವಿಟ್ಟು ಈ ಸಲಹೆ ಕೊಡಬೇಡಿ. ಆ ಹತ್ತರ ಅಂಕಿಯಲ್ಲಿ ದೊಡ್ಡ ಪಾಲು ಪರೀಕ್ಷೆಯ ಅಂಕಗಳದ್ದು. ಪರೀಕ್ಷೆಯ ಅಂಕ ಮನೆಯ ಆದಾಯದ ಜೊತೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಅಂದರೆ, ಎಷ್ಟೋ ಸಲ ನೀವು ನೋಡುತ್ತಿರುವುದು ಶಾಲೆಯನ್ನಲ್ಲ, ಆ ಬಡಾವಣೆಯ ಸಂಬಳವನ್ನು.

ವರದಿಕೋಣೆ:
ನಾನು ಒಂದು ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಇದೇ ಅಂಕಿಗಳ ಕೆಲಸ ಮಾಡುತ್ತೇನೆ. ಮಿಶಿಗನ್ ಅಲ್ಲ, ಆದರೆ ಮೂಲ ಕಾನೂನು ಎಲ್ಲರಿಗೂ ಒಂದೇ. ಸ್ವಲ್ಪ ಉದ್ದ ಬರೆಯುತ್ತೇನೆ.

2015ರ ಡಿಸೆಂಬರ್‌ನಲ್ಲಿ ಒಬಾಮಾ ಸಹಿ ಹಾಕಿದ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್ ಪ್ರಕಾರ ಪ್ರತಿ ರಾಜ್ಯ ಮತ್ತು ಪ್ರತಿ ಡಿಸ್ಟ್ರಿಕ್ಟ್ ವರ್ಷಕ್ಕೊಮ್ಮೆ ರಿಪೋರ್ಟ್ ಕಾರ್ಡ್ ಹೊರಡಿಸಲೇಬೇಕು. ಮೂರರಿಂದ ಎಂಟನೇ ಕ್ಲಾಸಿನವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಮ್ಮೆ, ಓದು ಮತ್ತು ಗಣಿತದ ಪರೀಕ್ಷೆ. ಅದರ ಫಲಿತಾಂಶವನ್ನು ಒಟ್ಟಾಗಿ ಕೊಟ್ಟರೆ ಸಾಲದು. ಜನಾಂಗ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಕಲಿಯುತ್ತಿರುವವರು ಅಂತ ಬೇರೆ ಬೇರೆಯಾಗಿ ಬಿಡಿಸಿ ಕೊಡಬೇಕು. ಶಿಕ್ಷಕರ ಅರ್ಹತೆ, ಒಬ್ಬ ವಿದ್ಯಾರ್ಥಿಗೆ ಆಗುವ ಖರ್ಚು, ಹೈಸ್ಕೂಲು ಮುಗಿಸಿದವರ ಪ್ರಮಾಣ, ಜಾಸ್ತಿ ದಿನ ಗೈರಾಗುವ ಮಕ್ಕಳ ಲೆಕ್ಕ, ಇವೂ ಇರಬೇಕು.

ಇನ್ನೊಂದು ಮಾತು ಅದೇ ಕಾನೂನಿನಲ್ಲಿದೆ. ವರದಿ ಚಿಕ್ಕದಾಗಿರಬೇಕು, ಅಪ್ಪ ಅಮ್ಮನಿಗೆ ಅರ್ಥವಾಗುವ ಹಾಗಿರಬೇಕು, ಸಾಧ್ಯವಾದಷ್ಟು ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮಿಶಿಗನ್_ಅಮ್ಮ ಅವರೇ, ನಿಮ್ಮ ದೂರು ಬರೀ ಬೇಸರ ಅಲ್ಲ. ಅದಕ್ಕೆ ಆಧಾರ ಇದೆ.

ಹೊಸಬ:
ಇದೇನಾ ಮುಂಚೆ ಎವೈಪಿ ಅಂತಿದ್ದಿದ್ದು?

ವರದಿಕೋಣೆ:
ಅಲ್ಲ, ಅದು ಹಳೆಯದು. 2002ರ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನಿನ ಕಾಲದ್ದು. ಆಡಿಕ್ವೇಟ್ ಇಯರ್ಲಿ ಪ್ರೋಗ್ರೆಸ್, ಅಂದರೆ ಪ್ರತಿ ವರ್ಷ ಶಾಲೆ ಇಷ್ಟು ಮುಂದೆ ಹೋಗಲೇಬೇಕು ಅನ್ನುವ ಲೆಕ್ಕ. 2014ರ ಹೊತ್ತಿಗೆ ನೂರಕ್ಕೆ ನೂರು ಮಕ್ಕಳೂ ಪ್ರೊಫಿಶಿಯೆಂಟ್ ಆಗಬೇಕು ಅಂತ ಗುರಿ ಇಟ್ಟಿದ್ದರು. ಒಂದು ಗುಂಪು ಒಂದು ವಿಷಯದಲ್ಲಿ ಕೆಳಗಿಳಿದರೂ ಇಡೀ ಶಾಲೆ ಫೇಲ್. ಕೊನೆಕೊನೆಗೆ ಒಳ್ಳೆಯ ಶಾಲೆಗಳಿಗೂ ಆ ಹಣೆಪಟ್ಟಿ ಬೀಳತೊಡಗಿತು. ರಾಜ್ಯಗಳಿಗೆ ವಿನಾಯಿತಿ ಕೊಡುತ್ತಾ ಹೋದರು, ಆಮೇಲೆ ಕಾನೂನನ್ನೇ ಬದಲಿಸಿದರು.

ಗಣಿತಪ್ರಿಯ:
ಆದರೆ ಆ ಕಾನೂನು ಒಂದು ಒಳ್ಳೆಯ ಕೆಲಸ ಮಾಡಿತು, ಅದನ್ನು ಮರೆಯಬಾರದು. ಗುಂಪುಗಳನ್ನು ಬಿಡಿಸಿ ತೋರಿಸುವುದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ್ದು ಅದೇ. ಅದಿಲ್ಲದಿದ್ದರೆ ಸರಾಸರಿಯ ಕೆಳಗೆ ಯಾರು ಹೂತುಹೋಗಿದ್ದಾರೆ ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಈಗ ಮೂರನೇ ಕ್ಲಾಸಿನ ಅಂಕಿಯ ವಿಷಯ. ಹೋದ ವರ್ಷದ ಮೂರನೇ ಕ್ಲಾಸಿನ ಮಕ್ಕಳು ಬೇರೆ, ಈ ವರ್ಷದವರು ಬೇರೆ. ಎರಡನ್ನೂ ಪಕ್ಕ ಇಟ್ಟು ಶಾಲೆ ಇಳಿಯಿತು ಅನ್ನುವುದು, ಹೋದ ವರ್ಷ ಅಣ್ಣನ ಎತ್ತರ ಅಳೆದು ಈ ವರ್ಷ ತಮ್ಮನ ಎತ್ತರ ಅಳೆದು ಮಗು ಕುಳ್ಳಗಾಯಿತು ಅಂದ ಹಾಗೆ. ಹಾಗಾಗಿ ಎರಡು ಕೆಲಸ ಮಾಡಿ. ಒಂದೇ ಕ್ಲಾಸಿನ ಅಂಕಿಯನ್ನು ನಾಲ್ಕೈದು ವರ್ಷದ್ದು ಸಾಲಾಗಿ ನೋಡಿ. ಆಮೇಲೆ ಅದೇ ಮಕ್ಕಳ ಗುಂಪನ್ನು ಹಿಂಬಾಲಿಸಿ. ಹೋದ ವರ್ಷದ ಮೂರನೇ ಕ್ಲಾಸು ಈ ವರ್ಷ ನಾಲ್ಕರಲ್ಲಿ ಎಲ್ಲಿದೆ? ಅಲ್ಲಿ ಶಾಲೆಯ ಕೆಲಸ ಕಾಣುತ್ತದೆ.

ಮಿಶಿಗನ್_ಅಮ್ಮ:
@ಗಣಿತಪ್ರಿಯ ಹಾಗೆ ನೋಡೋಕೆ ಆಗುತ್ತಾ? ನಮ್ಮ ವರದಿಯಲ್ಲಿ ಎರಡೇ ವರ್ಷ ಇದೆ.

ಗಣಿತಪ್ರಿಯ:
ಆಗುತ್ತದೆ. ಮಿಶಿಗನ್ ರಾಜ್ಯದ್ದೇ ಎಂಐ ಸ್ಕೂಲ್ ಡೇಟಾ ಅಂತ ಸೈಟ್ ಇದೆ. ಶಾಲೆಯ ಹೆಸರು ಹಾಕಿದರೆ ಹಿಂದಿನ ವರ್ಷಗಳದ್ದೂ ಸಿಗುತ್ತದೆ. ಅಲ್ಲೇ ಸ್ಟೂಡೆಂಟ್ ಗ್ರೋತ್ ಅಂತ ಬೇರೆ ಭಾಗ ಇದೆ. ನಿಮ್ಮ ಮಗುವಿನ ಹಾಗೇ ಹಿಂದೆ ಅಂಕ ಪಡೆದ ಮಕ್ಕಳ ಜೊತೆ ಹೋಲಿಸಿ, ಈ ವರ್ಷ ಅವರಲ್ಲಿ ಎಷ್ಟು ಜನರಿಗಿಂತ ಮುಂದೆ ಹೋಯಿತು ಅನ್ನುವ ಲೆಕ್ಕ. 50 ಬಂದರೆ ನಡುಮಧ್ಯ. ಮೂರನೇ ಕ್ಲಾಸಿಗೆ ಇದು ಇರುವುದಿಲ್ಲ, ಏಕೆಂದರೆ ಅದಕ್ಕಿಂತ ಹಿಂದಿನ ರಾಜ್ಯ ಪರೀಕ್ಷೆ ಇಲ್ಲ.

2020ರ ವಸಂತದಲ್ಲಿ ಪರೀಕ್ಷೆ ನಡೆಯಲಿಲ್ಲ, ಆ ಸಾಲು ಖಾಲಿ ಇರುತ್ತದೆ. 2021ರಲ್ಲಿ ಬಹಳ ಮಕ್ಕಳು ಬರೆಯಲಿಲ್ಲ. ಆ ವರ್ಷವನ್ನು ಆಧಾರ ಮಾಡಿಕೊಂಡು "ನಾವು ಏರಿದ್ದೇವೆ" ಅಂದರೆ ನಂಬುವ ಮೊದಲು ಯೋಚಿಸಿ.

ಡಲ್ಲಾಸ್_ಕನ್ನಡಿಗ:
ನೀವೆಲ್ಲ ಪುಣ್ಯವಂತರು, ಟೇಬಲ್ ಆದರೂ ಓದುತ್ತಿದ್ದೀರಿ. ಟೆಕ್ಸಸ್‌ನಲ್ಲಿ ಶಾಲೆಗೆ ಎ, ಬಿ, ಸಿ, ಡಿ, ಎಫ್ ಕೊಡುತ್ತಾರೆ. ಎಲ್ಲರೂ ಆ ಒಂದು ಅಕ್ಷರ ನೋಡಿ ಸುಮ್ಮನಾಗುತ್ತಾರೆ. ರಾಜ್ಯದವರು 2023ರಲ್ಲಿ ಲೆಕ್ಕದ ನಿಯಮ ಬದಲಿಸಿದರು. ಹೈಸ್ಕೂಲು ಮುಗಿಸಿದ ಮಕ್ಕಳು ಕಾಲೇಜಿಗೋ ಕೆಲಸಕ್ಕೋ ಸೈನ್ಯಕ್ಕೋ ತಯಾರಿದ್ದಾರಾ ಅನ್ನುವ ಭಾಗದಲ್ಲಿ ಮೊದಲು 60 ಬಂದರೆ ಎ ಸಿಗುತ್ತಿತ್ತು, ಅದನ್ನು 88ಕ್ಕೆ ಏರಿಸಿದರು. ಡಿಸ್ಟ್ರಿಕ್ಟ್‌ಗಳು ಕೋರ್ಟಿಗೆ ಹೋದವು. ಆ ವರ್ಷದ ಗ್ರೇಡು ಹೊರಬಂದಿದ್ದು 2025ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಆ ಮಕ್ಕಳು ಎಲ್ಲಿಗೋ ಹೋಗಿದ್ದರು.

ಆದರೆ ನಮ್ಮಲ್ಲಿ ಒಂದು ಒಳ್ಳೆಯ ನಿಯಮ ಇದೆ. ಟಿಎಪಿಆರ್ ಅಂತ ದೊಡ್ಡ ವಾರ್ಷಿಕ ವರದಿ ಬರುತ್ತದೆ. ಅದು ಕೈಗೆ ಬಂದ 90 ದಿನದೊಳಗೆ ಸ್ಕೂಲ್ ಬೋರ್ಡ್ ಅದರ ಬಗ್ಗೆ ಬಹಿರಂಗ ಸಭೆ ಕರೆಯಬೇಕು. ಹೋದರೆ ಖುರ್ಚಿಗಳೆಲ್ಲ ಖಾಲಿ. ಫುಟ್‌ಬಾಲ್ ಸ್ಟೇಡಿಯಂ ಬಗ್ಗೆ ಮೀಟಿಂಗ್ ಇದ್ದರೆ ನಿಲ್ಲೋಕೆ ಜಾಗ ಇರಲ್ಲ.

ತುಂಗಾತೀರ:
ಫುಟ್‌ಬಾಲ್ ಬಗ್ಗೆ ಬೇರೆ ಚರ್ಚೆ ಶುರು ಮಾಡೋಣ, ನನಗೂ ಹೇಳುವುದಿದೆ 😀

ಬೇಏರಿಯಾ_ಅಪ್ಪ:
ಕ್ಯಾಲಿಫೋರ್ನಿಯಾದಲ್ಲಿ ಅಕ್ಷರದ ಬದಲು ಬಣ್ಣ. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ನೀಲಿ ಎಲ್ಲಕ್ಕಿಂತ ಮೇಲೆ. ಈ ವರ್ಷ ಎಲ್ಲಿದ್ದೀರಿ ಅನ್ನುವುದು ಒಂದು, ಹೋದ ವರ್ಷದಿಂದ ಎಷ್ಟು ಏರಿಳಿತ ಅನ್ನುವುದು ಇನ್ನೊಂದು. ಎರಡನ್ನೂ ಸೇರಿಸಿ ಬಣ್ಣ ಕೊಡುತ್ತಾರೆ. 2017ರಿಂದ ಈ ಡ್ಯಾಶ್‌ಬೋರ್ಡ್ ಇದೆ. ಅದಕ್ಕಿಂತ ಹಳೆಯದು ಸಾರ್ಕ್, ಅಂದರೆ ಪ್ರತಿ ಶಾಲೆಯದ್ದೂ ಒಂದೊಂದು ವರದಿ. 1988ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಶನ್ 98ರಿಂದ ಬಂದಿದ್ದು. ಪ್ರತಿ ವರ್ಷ ಫೆಬ್ರವರಿ 1ರೊಳಗೆ ಹಾಕಬೇಕು. ಅದರಲ್ಲಿ ಟಾಯ್ಲೆಟ್ ಹೇಗಿದೆ, ಪಠ್ಯಪುಸ್ತಕ ಎಲ್ಲರಿಗೂ ಸಿಕ್ಕಿದೆಯಾ ಅನ್ನುವುದೂ ಇರುತ್ತದೆ. ನನಗೆ ಅದೇ ಇಷ್ಟ.

ಕರಾವಳಿಯವ:
ಟಾಯ್ಲೆಟ್ ಮುಖ್ಯ, ಒಪ್ಪುತ್ತೇನೆ. ಆದರೆ ಬಣ್ಣ, ಅಕ್ಷರ, ಹತ್ತರ ಅಂಕಿ, ಇವೆಲ್ಲ ಒಂದೇ ತಾನೇ? ಕೆಲಸಕ್ಕೆ ಹೋಗಿ ಬಂದು ಮಕ್ಕಳನ್ನು ನೋಡಿಕೊಳ್ಳುವವರಿಗೆ ಪುಟಗಟ್ಟಲೆ ಓದೋಕೆ ಪುರುಸೊತ್ತೆಲ್ಲಿ? ಒಂದು ಅಂಕಿ ಕೊಡಿ, ಮುಗಿಯಿತು.

ಶಿಕ್ಷಕಿ_ಒಹಾಯೊ:
ಆ ಒಂದು ಅಂಕಿಯೇ ತೊಂದರೆ. ನನ್ನ ಕ್ಲಾಸಿನದೇ ಹೇಳುತ್ತೇನೆ. ಸೆಪ್ಟೆಂಬರ್‌ನಲ್ಲಿ ಒಬ್ಬ ಹುಡುಗ ನಾಲ್ಕನೇ ಕ್ಲಾಸಿಗೆ ಬಂದಾಗ ಎರಡನೇ ಕ್ಲಾಸಿನ ಪುಸ್ತಕ ತಡವರಿಸುತ್ತಿದ್ದ. ವರ್ಷದ ಕೊನೆಗೆ ನಾಲ್ಕನೇ ಕ್ಲಾಸಿನ ಅಂಚಿಗೆ ಬಂದ. ಒಂದು ವರ್ಷದಲ್ಲಿ ಸುಮಾರು ಎರಡು ವರ್ಷದ ಕಲಿಕೆ. ರಾಜ್ಯದ ಪರೀಕ್ಷೆಯಲ್ಲಿ ಗೆರೆಗಿಂತ ಸ್ವಲ್ಪ ಕೆಳಗೆ. ಶೇಕಡಾವಾರು ಲೆಕ್ಕದಲ್ಲಿ ಅವನು ಸೊನ್ನೆ. ಪಕ್ಕದ ಬೆಂಚಿನ ಹುಡುಗಿ ಬಂದಾಗಲೇ ಐದನೇ ಕ್ಲಾಸಿನ ಮಟ್ಟದಲ್ಲಿದ್ದಳು, ಹೋಗುವಾಗಲೂ ಅಲ್ಲೇ ಇದ್ದಳು. ಅವಳು ಲೆಕ್ಕದಲ್ಲಿ ಪಾಸ್. ಈಗ ಹೇಳಿ, ಶಾಲೆ ಯಾರಿಗೆ ಕೆಲಸ ಮಾಡಿತು?

ಮತ್ತೆ, ಪರೀಕ್ಷೆ ವಸಂತದಲ್ಲಿ ನಡೆಯುತ್ತದೆ. ವರದಿ ನಿಮ್ಮ ಕೈಗೆ ಬರುವಾಗ ಆ ಮಗು ಮುಂದಿನ ಕ್ಲಾಸಿನಲ್ಲಿ, ಬೇರೆ ಟೀಚರ್ ಹತ್ತಿರ ಇರುತ್ತದೆ. ನಿಮ್ಮ ಮಗುವಿನ ಬಗ್ಗೆ ಈಗ ಗೊತ್ತಾಗಬೇಕಾದರೆ ಡಿಸ್ಟ್ರಿಕ್ಟ್ ವರದಿ ಸಾಲದು. ಬಹಳ ಡಿಸ್ಟ್ರಿಕ್ಟ್‌ಗಳು ಮಗುವಿನ ಕಲಿಕೆಯ ಮಟ್ಟ ಅಳೆಯುವ ಮ್ಯಾಪ್ ಥರದ ಪರೀಕ್ಷೆಯನ್ನು ಶರತ್ಕಾಲ, ಚಳಿಗಾಲ, ವಸಂತ ಅಂತ ವರ್ಷದಲ್ಲಿ ಮೂರು ಸಲ ಮಾಡುತ್ತವೆ. ಅದರ ಕಾಗದ ಕೇಳಿ ತೆಗೆದುಕೊಳ್ಳಿ.

ಮಲೆನಾಡ_ಹುಡುಗಿ:
ಇಲ್ಲಿ ಯಾರೂ ಹೇಳದೇ ಇರುವ ಒಂದು ವಿಷಯ ಹೇಳುತ್ತೇನೆ. ನನ್ನ ಮಗನಿಗೆ ಡಿಸ್ಲೆಕ್ಸಿಯಾ, ಓದು ಬರಹ ಕಲಿಯೋಕೆ ಕಷ್ಟವಾಗುವ ತೊಂದರೆ. ಒಳ್ಳೆಯ ಡಿಸ್ಟ್ರಿಕ್ಟ್ ಅಂತಲೇ ಜಾಸ್ತಿ ಬಾಡಿಗೆ ಕೊಟ್ಟು ಇಲ್ಲಿಗೆ ಬಂದೆವು. ವರದಿಯಲ್ಲಿ ಏಷ್ಯನ್ ಅನ್ನುವ ಸಾಲು ನೋಡಿದರೆ ಎಲ್ಲರಿಗಿಂತ ಮೇಲೆ. ಸ್ಟೂಡೆಂಟ್ಸ್ ವಿತ್ ಡಿಸಬಿಲಿಟೀಸ್ ಅನ್ನುವ ಸಾಲು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಎರಡೂ ಸಾಲಿನಲ್ಲಿ ನನ್ನ ಮಗನೇ ಇದ್ದಾನೆ. ನಮ್ಮ ಜನರ ಗೆಟ್‌ಟುಗೆದರ್‌ನಲ್ಲಿ ಮೊದಲ ಸಾಲಿನ ಮಾತೇ. ಎರಡನೇ ಸಾಲನ್ನು ಓದುವುದು ನನ್ನಂಥ ನಾಲ್ಕು ಅಮ್ಮಂದಿರು ಮಾತ್ರ.

ಆ ಸಾಲನ್ನು ಪ್ರಿಂಟ್ ತೆಗೆದುಕೊಂಡೇ ನಾನು ಐಇಪಿ ಮೀಟಿಂಗಿಗೆ (ಇಂಥ ಮಗುವಿಗಾಗಿ ಶಾಲೆ ಮಾಡುವ ಪ್ರತ್ಯೇಕ ಕಲಿಕಾ ಯೋಜನೆಯ ಸಭೆಗೆ) ಹೋದೆ. "ಈ ಮಕ್ಕಳಿಗೆ ಓದು ಕಲಿಸೋಕೆ ನೀವು ಯಾವ ಪದ್ಧತಿ ಬಳಸುತ್ತೀರಿ, ಅದು ಕೆಲಸ ಮಾಡುತ್ತಿದೆ ಅಂತ ಹೇಗೆ ಗೊತ್ತು" ಅಂತ ಕೇಳಿದೆ. ಅಲ್ಲಿಯವರೆಗೆ ಅವರು ನನ್ನ ಮಗನ ಕೊರತೆ ಬಗ್ಗೆ ಮಾತಾಡುತ್ತಿದ್ದರು. ಆ ಪ್ರಶ್ನೆ ಬಂದ ಮೇಲೆ ಅವರ ಕೆಲಸದ ಬಗ್ಗೆ ಮಾತು ಶುರುವಾಯಿತು. ರೀಡಿಂಗ್ ಸ್ಪೆಷಲಿಸ್ಟ್ ಜೊತೆಗಿನ ಸಮಯ ಜಾಸ್ತಿಯಾಯಿತು.

ಮಿಶಿಗನ್_ಅಮ್ಮ:
@ಮಲೆನಾಡ_ಹುಡುಗಿ ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಆ ಸಾಲುಗಳನ್ನು ದಾಟಿ ಹೋಗಿದ್ದೆ. ಈಗ ಹೋಗಿ ನೋಡಿದೆ, ನಮ್ಮ ಶಾಲೆಯದ್ದರಲ್ಲಿ ಕೆಲವು ಕಡೆ ಅಂಕಿ ಇಲ್ಲ, ಬರೀ ಚುಕ್ಕಿ ಗುರುತು. ಮುಚ್ಚಿಡುತ್ತಿದ್ದಾರಾ?

ವರದಿಕೋಣೆ:
ಮುಚ್ಚಿಡುತ್ತಿರುವುದಲ್ಲ. ಗುಂಪಿನಲ್ಲಿ ತೀರಾ ಕಡಿಮೆ ಮಕ್ಕಳಿದ್ದರೆ ಅಂಕಿ ಹಾಕುವ ಹಾಗಿಲ್ಲ. ಮೂರೇ ಮಕ್ಕಳಿದ್ದು ಮೂವರೂ ಫೇಲ್ ಅಂತ ಹಾಕಿದರೆ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. 1974ರ ಫೆರ್ಪಾ ಕಾನೂನು ವಿದ್ಯಾರ್ಥಿಗಳ ದಾಖಲೆಯನ್ನು ಕಾಯುತ್ತದೆ. ಶಾಲೆಯ ಮಟ್ಟದಲ್ಲಿ ಚುಕ್ಕಿ ಇದ್ದರೆ ಡಿಸ್ಟ್ರಿಕ್ಟ್ ಮಟ್ಟದ ಟೇಬಲ್ ನೋಡಿ. ಅಲ್ಲಿ ಮಕ್ಕಳು ಜಾಸ್ತಿ ಇರುವುದರಿಂದ ಅಂಕಿ ಇರಬಹುದು.

ಬೇಏರಿಯಾ_ಅಪ್ಪ:
ನಮ್ಮಲ್ಲೂ ಹೀಗೇ. 11ಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಂಕಿ ಇಲ್ಲ, 30ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬಣ್ಣ ಇಲ್ಲ.

ನಿವೃತ್ತ_ಮೇಷ್ಟ್ರು:
ಮಗನ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇನೆ. ನಾನು ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕನಾಗಿದ್ದವನು. ನಿಮ್ಮ ಮಾತು ಓದಿ ಖುಷಿಯಾಯಿತು. ನಮ್ಮಲ್ಲೂ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲಾವಾರು ಪಟ್ಟಿ ನೋಡುವುದೇ ಒಂದು ಸಂಭ್ರಮ. ಉಡುಪಿ ಮೊದಲೋ ದಕ್ಷಿಣ ಕನ್ನಡ ಮೊದಲೋ ಅಂತ. ಆದರೆ 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇದ್ದದ್ದು 2024ರಲ್ಲಿ 73.40ಕ್ಕೆ ಬಂತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲು ನಿಂತಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲಿನ ಅಂಕಿ ಅದು. ಅಳೆಯುವ ರೀತಿ ಬದಲಾದಾಗ ಎರಡು ವರ್ಷವನ್ನು ಪಕ್ಕ ಇಟ್ಟು ನೋಡಬೇಡಿ.

ಗಣಿತಪ್ರಿಯ:
ನಮಸ್ಕಾರ ಸರ್. ಇಲ್ಲೂ ಅದೇ ಕಥೆ. ಮಿಶಿಗನ್‌ನಲ್ಲಿ 2015ಕ್ಕೆ ಮೀಪ್ ಅನ್ನುವ ಹಳೆಯ ರಾಜ್ಯ ಪರೀಕ್ಷೆ ಹೋಗಿ ಎಂ-ಸ್ಟೆಪ್ ಬಂತು. ಆಮೇಲೆ 2019ರಿಂದ ಎಂಟನೇ ಕ್ಲಾಸಿನ ಇಂಗ್ಲಿಷ್, ಗಣಿತಕ್ಕೆ ಪಿಎಸ್ಎಟಿ ಅನ್ನುವ ಬೇರೆ ಪರೀಕ್ಷೆ. ಏಳನೇ ಕ್ಲಾಸಿನಲ್ಲಿ ಒಂದು ಪರೀಕ್ಷೆ, ಎಂಟರಲ್ಲಿ ಇನ್ನೊಂದು. ಮಿಶಿಗನ್_ಅಮ್ಮ ಅವರೇ, ನಿಮ್ಮ ಮಗ ಮುಂದಿನ ವರ್ಷ ಎಂಟಕ್ಕೆ ಹೋದಾಗ ಏಳರ ಶೇಕಡಾವಾರನ್ನು ಎಂಟರ ಜೊತೆ ನೇರವಾಗಿ ಇಟ್ಟು ನೋಡಬೇಡಿ.

ಹೊಸಬ:
ನೇಪ್ ಅಂತ ಇಡೀ ದೇಶದ್ದು ಒಂದು ಪರೀಕ್ಷೆ ಬರುತ್ತಲ್ಲ, ಅದರಲ್ಲಿ ಇನ್ನೂ ಕಡಿಮೆ ತೋರಿಸುತ್ತಾರೆ. ರಾಜ್ಯದವರು ಸುಳ್ಳು ಹೇಳ್ತಿದ್ದಾರಾ?

ವರದಿಕೋಣೆ:
ಸುಳ್ಳಲ್ಲ. ನೇಪ್‌ನಲ್ಲಿ ಪ್ರೊಫಿಶಿಯೆಂಟ್ ಅನ್ನುವ ಗೆರೆ ತುಂಬಾ ಮೇಲಿದೆ. ಆ ಕ್ಲಾಸಿನ ಮಟ್ಟ ಮುಟ್ಟಿದ್ದಾರೆ ಅನ್ನುವುದಕ್ಕಿಂತ ಮೇಲಿನದು ಅದು, ಅಂತ ಅವರೇ ಹೇಳುತ್ತಾರೆ. ಅದನ್ನು ಎಲ್ಲ ಮಕ್ಕಳೂ ಬರೆಯುವುದಿಲ್ಲ, ಆಯ್ದ ಶಾಲೆಗಳ ಆಯ್ದ ಮಕ್ಕಳು ಬರೆಯುತ್ತಾರೆ. ನಿಮ್ಮ ಮಗುವಿಗೆ ಅಂತ ಅದರಲ್ಲಿ ಅಂಕ ಬರುವುದಿಲ್ಲ. ರಾಜ್ಯ ರಾಜ್ಯಗಳನ್ನು ಹೋಲಿಸೋಕೆ ಅದು ಬೇಕು. ನಿಮ್ಮ ಶಾಲೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ತುಂಗಾತೀರ:
ನಾನು ಬೇರೆ ಮಾತು ಹೇಳುತ್ತೇನೆ. ಈ ಪರೀಕ್ಷೆಗಳೇ ಬೇಡ. ನಮ್ಮ ಮಗಳು ಪರೀಕ್ಷೆಯ ವಾರ ಹೊಟ್ಟೆನೋವು ಅಂತ ಅಳುತ್ತಿದ್ದಳು. ನಾವು ಬರೆಸುವುದನ್ನೇ ನಿಲ್ಲಿಸಿದೆವು. ಮಕ್ಕಳನ್ನು ಅಂಕಿಯಾಗಿ ನೋಡುವುದು ನಿಲ್ಲಬೇಕು.

ಮಲೆನಾಡ_ಹುಡುಗಿ:
@ತುಂಗಾತೀರ ನಿಮ್ಮ ಮಗಳ ಕಷ್ಟ ಅರ್ಥವಾಗುತ್ತದೆ. ಆದರೆ ಅಂಕಿಯೇ ಇಲ್ಲದಿದ್ದರೆ ನನ್ನ ಮಗನಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ. "ಚೆನ್ನಾಗಿ ಮಾಡ್ತಿದ್ದಾನೆ, ಒಳ್ಳೆ ಹುಡುಗ" ಅಂತ ವರ್ಷಗಟ್ಟಲೆ ಕೇಳಿದ್ದೇನೆ. ಓದೋಕೆ ಬರುವುದಿಲ್ಲ ಅಂತ ಮೊದಲು ಹೇಳಿದ್ದು ಆ ಪರೀಕ್ಷೆಯ ಕಾಗದ.

ತುಂಗಾತೀರ:
ಟೀಚರ್ ಹೇಳಬೇಕಿತ್ತು ಅಲ್ವಾ? ಅದಕ್ಕೆ ರಾಜ್ಯದ ಪರೀಕ್ಷೆ ಯಾಕೆ ಬೇಕು?

ಮಲೆನಾಡ_ಹುಡುಗಿ:
ಹೇಳಬೇಕಿತ್ತು. ಹೇಳಲಿಲ್ಲ.

ವರದಿಕೋಣೆ:
ಇದಕ್ಕೇ ಕಾನೂನಿನಲ್ಲಿ ಶೇಕಡಾ 95ರಷ್ಟು ಮಕ್ಕಳು ಪರೀಕ್ಷೆ ಬರೆಯಬೇಕು ಅಂತ ಇಟ್ಟಿರುವುದು, ಪ್ರತಿ ಗುಂಪಿನಲ್ಲೂ. ಇಲ್ಲದಿದ್ದರೆ ಕಷ್ಟಪಡುವ ಮಕ್ಕಳಿಗೆ "ನಾಳೆ ಬರಬೇಡ" ಅಂದು ಶೇಕಡಾವಾರು ಏರಿಸಿಕೊಳ್ಳಬಹುದು. ಅದಕ್ಕಾಗಿ ಪಾರ್ಟಿಸಿಪೇಶನ್ ಕಾಲಂ ಮೊದಲು ನೋಡಿ. ಅದು ಕಡಿಮೆಯಿದ್ದರೆ ಪಕ್ಕದ ಅಂಕಿಗೆ ಜಾಸ್ತಿ ಬೆಲೆ ಕೊಡಬೇಡಿ.

ಶಿಕ್ಷಕಿ_ಒಹಾಯೊ:
ಹಾಜರಾತಿಯನ್ನೂ ನೋಡಿ. ಶಾಲೆಯ ದಿನಗಳಲ್ಲಿ ಶೇಕಡಾ 10ರಷ್ಟು ತಪ್ಪಿಸಿದರೆ ಕ್ರೋನಿಕ್ ಆಬ್ಸೆಂಟೀಸಂ ಅನ್ನುತ್ತಾರೆ. ತಿಂಗಳಿಗೆ ಎರಡು ದಿನ ತಪ್ಪಿಸಿದರೆ ಆ ಲೆಕ್ಕಕ್ಕೆ ಬಂದ ಹಾಗೆಯೇ. ರಜೆ ಸೇರಿಸಿ ಊರಿಗೆ ಹೋಗಿ ನಾಲ್ಕು ವಾರ ನಿಲ್ಲುವ ನಮ್ಮವರಿಗೂ ಇದು ಗೊತ್ತಿರಲಿ.

ಕರಾವಳಿಯವ:
ಟಿಕೆಟ್ ರೇಟು ನೋಡಿದರೆ ನಾಲ್ಕು ವಾರಕ್ಕಿಂತ ಕಡಿಮೆ ಹೋಗೋಕೆ ಮನಸ್ಸೇ ಬರಲ್ಲ ಮೇಡಂ!

ಡಲ್ಲಾಸ್_ಕನ್ನಡಿಗ:
ವಿಷಯಕ್ಕೆ ಬನ್ನಿ. ಅವರು ಕೇಳಿದ್ದು ಪತ್ರದಲ್ಲಿ ಇಳಿಕೆಯನ್ನು ಹೇಳದೇ ಇದ್ದದ್ದು ಸರಿಯಾ ಅಂತ. ನನ್ನ ಪ್ರಕಾರ ಸರಿಯಲ್ಲ. ಟೇಬಲ್ ಹಾಕಿದ್ದೇವೆ, ಓದಿಕೊಳ್ಳಿ ಅಂದರೆ ಹೇಳಿದ ಹಾಗಲ್ಲ. ರಾಜ್ಯದ ಸರಾಸರಿಗಿಂತ ಮೇಲೆ ಅಂತ ದಪ್ಪ ಅಕ್ಷರದಲ್ಲಿ ಹಾಕುವವರು ಇಳಿಕೆಯನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು. ಜೊತೆಗೆ ಏನು ಮಾಡುತ್ತಿದ್ದೇವೆ ಅಂತ ಎರಡು ಸಾಲು.

ವರದಿಕೋಣೆ:
ಒಪ್ಪುತ್ತೇನೆ, ಒಳಗಿನವಳಾಗಿಯೇ ಹೇಳುತ್ತಿದ್ದೇನೆ. ಪತ್ರ ಬರೆಯುವವರಿಗೆ ಹೆದರಿಕೆ ಇರುತ್ತದೆ. ಇಳಿಕೆ ಅಂತ ಬರೆದರೆ ಜನ ಪಕ್ಕದ ಡಿಸ್ಟ್ರಿಕ್ಟ್‌ಗೆ ಹೋಗುತ್ತಾರೆ, ಮಕ್ಕಳ ಜೊತೆ ಹಣವೂ ಹೋಗುತ್ತದೆ. ಹಾಗಂತ ಸುಮ್ಮನಿದ್ದರೆ, ಟೇಬಲ್ ಓದೋಕೆ ಬರುವ ಅಪ್ಪ ಅಮ್ಮನಿಗೆ ಮಾತ್ರ ನಿಜ ಗೊತ್ತಾಗುತ್ತದೆ. ಎರಡು ಕೆಲಸ ಮಾಡುವ ಅಮ್ಮನಿಗೆ, ಇಂಗ್ಲಿಷ್ ಸರಿಯಾಗಿ ಬಾರದ ಅಜ್ಜಿಗೆ ಗೊತ್ತಾಗುವುದಿಲ್ಲ. ಆ ಇಳಿಕೆ ಮೊದಲು ತಟ್ಟುವುದು ಅವರ ಮಕ್ಕಳಿಗೇ.

ನಾಲ್ಕು ಪ್ರಶ್ನೆಗೆ ಒಂದೇ ಪುಟದಲ್ಲಿ ಉತ್ತರ ಬರೆಯಬಹುದು. ಎಷ್ಟು ಮಕ್ಕಳು ಕ್ಲಾಸಿನ ಮಟ್ಟದಲ್ಲಿದ್ದಾರೆ? ಅದೇ ಮಕ್ಕಳು ಹೋದ ವರ್ಷದಿಂದ ಎಷ್ಟು ಮುಂದೆ ಬಂದಿದ್ದಾರೆ? ಯಾರು ಹಿಂದೆ ಉಳಿದಿದ್ದಾರೆ? ಅದಕ್ಕೆ ಈ ವರ್ಷ ಏನು ಬದಲಾಗುತ್ತದೆ? ನಾನು ನಮ್ಮ ಆಫೀಸಿನಲ್ಲಿ ಇದಕ್ಕಾಗಿ ಜಗಳವನ್ನೇ ಆಡಿದ್ದೇನೆ.

ಗಣಿತಪ್ರಿಯ:
ಮಿಶಿಗನ್ ಪತ್ರದಲ್ಲಿ ಇನ್ನೊಂದು ಅಂಕಿ ಹುಡುಕಿ. ಪೇರೆಂಟ್ ಟೀಚರ್ ಕಾನ್ಫರೆನ್ಸ್‌ಗೆ ಎಷ್ಟು ಮಕ್ಕಳ ಅಪ್ಪ ಅಮ್ಮ ಬಂದರು ಅನ್ನುವುದನ್ನೂ ರಾಜ್ಯದ ನಿಯಮದಂತೆ ಹಾಕಬೇಕು. ಎಲಿಮೆಂಟರಿಯಲ್ಲಿ ಜಾಸ್ತಿ, ಹೈಸ್ಕೂಲಿನಲ್ಲಿ ಕಡಿಮೆ ಇರುವುದು ಮಾಮೂಲಿ. ಆ ಇಳಿಕೆ ನಮ್ಮದು, ಶಾಲೆಯದ್ದಲ್ಲ.

ಮಿಶಿಗನ್_ಅಮ್ಮ:
ನೋಡಿದೆ, ಇದೆ. ಹೈಸ್ಕೂಲಿನದು ಎಲಿಮೆಂಟರಿಯ ಅರ್ಧಕ್ಕಿಂತ ಕಡಿಮೆ.

ಕೇಳಬೇಕಾದರೆ ಯಾರನ್ನು ಅಂತ ಇನ್ನೂ ಯಾರೂ ಹೇಳಲಿಲ್ಲ.

ಡಲ್ಲಾಸ್_ಕನ್ನಡಿಗ:
ಮೊದಲು ಪ್ರಿನ್ಸಿಪಾಲ್‌ಗೆ ಇಮೇಲ್. ಕೋಪದಲ್ಲಿ ಬೇಡ. "ಮೂರನೇ ಕ್ಲಾಸಿನ ಇಂಗ್ಲಿಷ್ ಅಂಕಿ ಇಳಿದಿದೆ, ಕಾರಣ ಏನು ಅಂದುಕೊಂಡಿದ್ದೀರಿ, ಏನು ಮಾಡುತ್ತಿದ್ದೀರಿ" ಅಂತ ಮೂರು ಸಾಲು. ಉತ್ತರ ಬರಲಿಲ್ಲ ಅಂದರೆ ಡಿಸ್ಟ್ರಿಕ್ಟ್‌ನ ಕರಿಕ್ಯುಲಂ ವಿಭಾಗ. ಆಮೇಲೆ ಬೋರ್ಡ್ ಮೀಟಿಂಗ್.

ವರದಿಕೋಣೆ:
ಮಿಶಿಗನ್‌ನಲ್ಲಿ 1976ರ ಓಪನ್ ಮೀಟಿಂಗ್ಸ್ ಆಕ್ಟ್ ಪ್ರಕಾರ ಬೋರ್ಡ್ ಮೀಟಿಂಗಿನಲ್ಲಿ ಮಾತಾಡುವ ಹಕ್ಕು ಯಾರಿಗಾದರೂ ಇದೆ. ಸಾಮಾನ್ಯವಾಗಿ ಕೆಲವು ನಿಮಿಷ ಕೊಡುತ್ತಾರೆ. ಕೆಲವು ಕಡೆ ಮೊದಲೇ ಚೀಟಿ ಬರೆದು ಕೊಡಬೇಕು, ನಿಯಮ ಅವರ ಸೈಟಿನಲ್ಲಿರುತ್ತದೆ. ಬೋರ್ಡಿನವರು ಅಲ್ಲೇ ಉತ್ತರ ಕೊಡದೇ ಇರಬಹುದು, ಬೇಸರ ಮಾಡಿಕೊಳ್ಳಬೇಡಿ. ಮಾತಾಡಿದ್ದು ನಡಾವಳಿಯಲ್ಲಿ ದಾಖಲಾಗುತ್ತದಾ ಅಂತ ಕಾರ್ಯದರ್ಶಿಯನ್ನು ಕೇಳಿ. ಬರಹದಲ್ಲೂ ಒಂದು ಪ್ರತಿ ಕೊಟ್ಟು ಬನ್ನಿ.

ನಿಮ್ಮ ಶಾಲೆಗೆ ಟೈಟಲ್ ಒನ್ ಹಣ (ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವ ಹಣ) ಬರುತ್ತಿದ್ದರೆ ಇನ್ನೂ ಎರಡು ಹಕ್ಕಿವೆ. ಮಗುವಿನ ಟೀಚರ್ ಅರ್ಹತೆ ಏನು ಅಂತ ಕೇಳಬಹುದು. ಅರ್ಹತೆ ಇಲ್ಲದವರು ಸತತ ನಾಲ್ಕು ವಾರ ಪಾಠ ಮಾಡಿದರೆ ಶಾಲೆಯೇ ನಿಮಗೆ ತಿಳಿಸಬೇಕು.

ಶಿಕ್ಷಕಿ_ಒಹಾಯೊ:
ಮೂರನೇ ಕ್ಲಾಸಿನಲ್ಲಿ ಯಾರಾದರೂ ಟೀಚರ್ ಮಧ್ಯದಲ್ಲಿ ಬಿಟ್ಟು ಹೋಗಿದ್ದರಾ ಅಂತಲೂ ವಿಚಾರಿಸಿ. ಎಷ್ಟೋ ಸಲ ಅದೇ ಕಾರಣವಾಗಿರುತ್ತದೆ.

ಮಿಶಿಗನ್_ಅಮ್ಮ:
ಹೌದು! ಹೋದ ವರ್ಷ ಎರಡು ಸೆಕ್ಷನ್‌ಗಳಲ್ಲಿ ಜನವರಿಯಿಂದ ಸಬ್‌ಸ್ಟಿಟ್ಯೂಟ್ ಇದ್ದರು. ಮಗಳ ಸೆಕ್ಷನ್ ಅದರಲ್ಲಿರಲಿಲ್ಲ, ಆದರೆ ಅವಳ ಗೆಳತಿಯರದು ಇತ್ತು. ಆ ಮಕ್ಕಳೆಲ್ಲ ಈಗ ನಾಲ್ಕನೇ ಕ್ಲಾಸಿನಲ್ಲಿದ್ದಾರೆ. ಅವರಿಗೆ ಹೆಚ್ಚುವರಿ ಸಹಾಯ ಏನು ಸಿಗುತ್ತಿದೆ ಅಂತಲೇ ಪ್ರಿನ್ಸಿಪಾಲ್‌ಗೆ ಬರೆಯುತ್ತೇನೆ. ಆ ಗೆಳತಿಯರ ಅಮ್ಮಂದಿರ ಹೆಸರೂ ಸೇರಿಸಬಹುದಾ ಅಂತ ಕೇಳುತ್ತೇನೆ.

ತುಂಗಾತೀರ:
ಸೇರಿಸಿ. ಒಬ್ಬರ ಇಮೇಲ್‌ಗಿಂತ ಐದು ಜನರದ್ದಕ್ಕೆ ಬೇಗ ಉತ್ತರ ಬರುತ್ತದೆ. ಪರೀಕ್ಷೆ ಬೇಡ ಅನ್ನುವ ನನ್ನ ಮಾತಲ್ಲಿ ಬದಲಾವಣೆ ಇಲ್ಲ, ಆದರೆ ಇದನ್ನು ಕೇಳಲೇಬೇಕು.

ನಿವೃತ್ತ_ಮೇಷ್ಟ್ರು:
ಪ್ರಿನ್ಸಿಪಾಲ್ ಏನು ಹೇಳಿದರು ಅಂತ ಇಲ್ಲಿ ಬರೆಯಮ್ಮ. ನಾನು ಜೂನ್‌ವರೆಗೂ ಇಲ್ಲೇ ಇರುತ್ತೇನೆ. ಮೊಮ್ಮಗನ ಶಾಲೆಯದ್ದನ್ನೂ ಮಗನಿಂದ ತೆಗೆಸಿ ಓದುತ್ತಿದ್ದೇನೆ, ಗ್ರೋತ್ ಅನ್ನುವ ಪುಟದಲ್ಲಿ ನಿಂತಿದ್ದೇನೆ. ಗಣಿತಪ್ರಿಯ ಅವರೇ, ಇಲ್ಲಿ ಮೀಡಿಯನ್, ಅಂದರೆ ಸಾಲಿನ ನಡುವಿನ ಮಗುವಿನ ಅಂಕಿ, 43 ಅಂತಿದೆ, ಇದು ಚಿಂತೆ ಮಾಡುವಂಥದ್ದಾ?

ಗಣಿತಪ್ರಿಯ:
ಒಂದೇ ವರ್ಷದ್ದಾದರೆ ಅಷ್ಟೇನಿಲ್ಲ ಸರ್. ಹಿಂದಿನ ಎರಡು ವರ್ಷದ್ದನ್ನೂ ತೆಗೆಸಿ. ಮೂರೂ ವರ್ಷ 50ಕ್ಕಿಂತ ಕೆಳಗಿದ್ದರೆ ಯಾವ ವಿಷಯ, ಯಾವ ಕ್ಲಾಸು ಅಂತ ನೋಡಿ ಇಲ್ಲಿ ಹಾಕಿ, ಕೂತು ಓದೋಣ.